ನಾಲ್ಕು ಜನರ ನಡುವೆ ಮೊಬೈಲ್: ಪದೇ ಪದೇ ಕೇಳುವ ಪ್ರಶ್ನೆಗಳು

ಬಸ್ಸು, ರೈಲು, ಲಿಫ್ಟು, ಗ್ರಂಥಾಲಯ, ಆಸ್ಪತ್ರೆಯಲ್ಲಿ ಕಾಯುವ ಜಾಗ, ಕೌಂಟರ್ ಮುಂದಿನ ಸಾಲು. ಇವು ಯಾರೊಬ್ಬರ ಸ್ವಂತವೂ ಅಲ್ಲ, ಎಲ್ಲರಿಗೂ ಸೇರಿದ್ದು. ಇಂಥ ಕಡೆ ಮೊಬೈಲ್ ಹೇಗೆ ಬಳಸಬೇಕು ಅಂತ ಜನ ನನ್ನನ್ನು ಕೇಳಿದ ಪ್ರಶ್ನೆಗಳನ್ನು, ನಾನೇ ನನಗೆ ಕೇಳಿಕೊಂಡವನ್ನೂ ಸೇರಿಸಿ, ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಬೇಕು. ಫೋನಿನಿಂದ ಪಕ್ಕದವರಿಗೆ ತೊಂದರೆ ಕೊಡುವವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ. ಅವರ ಮೈ ಇಲ್ಲಿರುತ್ತದೆ, ಮನಸ್ಸು ಫೋನಿನ ಆ ತುದಿಯಲ್ಲಿರುತ್ತದೆ. ಅಲ್ಲಿಗೆ ಹೋದ ಮನಸ್ಸಿಗೆ ಇಲ್ಲಿಯವರು ಕಾಣುವುದಿಲ್ಲ. ಹಾಗಾಗಿ ಮನಸ್ಸು ಆ ಕಡೆ ಹೋಗುವ ಮೊದಲೇ ಏನೇನು ಮಾಡಿಟ್ಟುಕೊಳ್ಳಬಹುದು ಅನ್ನುವುದನ್ನೇ ಇಲ್ಲಿ ಜಾಸ್ತಿ ಬರೆದಿದ್ದೇನೆ.

## ಪಕ್ಕದಲ್ಲಿ ಇಬ್ಬರು ಮಾತಾಡಿಕೊಂಡರೆ ಏನೂ ಅನ್ನಿಸಲ್ಲ. ಒಬ್ಬರು ಫೋನಿನಲ್ಲಿ ಮಾತಾಡಿದರೆ ಮಾತ್ರ ತಲೆ ಚಿಟ್ಟು ಹಿಡಿಯುತ್ತೆ. ಯಾಕೆ?

ನಿಮಗೆ ತಾಳ್ಮೆ ಕಮ್ಮಿ ಅಂದುಕೊಳ್ಳಬೇಡಿ. ಇದಕ್ಕೆ ಕಾರಣ ಇದೆ. ಇಬ್ಬರ ಮಾತಿನಲ್ಲಿ ಪ್ರಶ್ನೆಯೂ ಕಿವಿಗೆ ಬೀಳುತ್ತದೆ, ಉತ್ತರವೂ ಬೀಳುತ್ತದೆ. ಮುಂದೇನು ಬರುತ್ತದೆ ಅಂತ ಮಿದುಳು ಸುಲಭವಾಗಿ ಊಹಿಸುತ್ತದೆ, ಆಮೇಲೆ ಆ ಮಾತನ್ನು ಬದಿಗಿಡುತ್ತದೆ. ಫೋನಿನಲ್ಲಿ ಮಾತಾಡುವವರಿಂದ ನಮಗೆ ಕೇಳಿಸುವುದು ಅರ್ಧ ಮಾತು. “ಹೌದಾ? ಯಾವಾಗ? ಅಯ್ಯೋ, ಆಮೇಲೆ?” ಇಷ್ಟೇ. ಉಳಿದರ್ಧ ತುಂಬಿಸಿಕೊಳ್ಳಲು ಮಿದುಳು ನಮ್ಮನ್ನು ಕೇಳದೆಯೇ ಕೆಲಸ ಶುರು ಮಾಡಿಬಿಡುತ್ತದೆ.

ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಲಾರೆನ್ ಎಂಬರ್ಸನ್ ಮತ್ತು ಜೊತೆಗಾರರು ಇದನ್ನು ಪರೀಕ್ಷೆ ಮಾಡಿ 2010ರಲ್ಲಿ ಪ್ರಕಟಿಸಿದರು. ಕಂಪ್ಯೂಟರ್ ಮುಂದೆ ಗಮನವಿಟ್ಟು ಮಾಡಬೇಕಾದ ಕೆಲಸವನ್ನು ಜನರಿಗೆ ಕೊಟ್ಟರು. ಆಗ ಒಮ್ಮೆ ಇಬ್ಬರ ಪೂರ್ತಿ ಮಾತುಕತೆ ಕೇಳಿಸಿದರು, ಒಮ್ಮೆ ಒಬ್ಬರೇ ಹೇಳುವ ಮಾತು, ಇನ್ನೊಮ್ಮೆ ಫೋನ್ ಮಾತಿನ ಒಂದು ಬದಿ. ಕೆಲಸ ಕೆಟ್ಟಿದ್ದು ಆ ಒಂದು ಬದಿಯ ಮಾತು ಕೇಳಿಸಿದಾಗ ಮಾತ್ರ. ಅದೇ ದನಿಯನ್ನು ಪದಗಳು ಅರ್ಥವಾಗದ ಹಾಗೆ ಮಾಡಿ ಕೇಳಿಸಿದರೆ ತೊಂದರೆ ಆಗಲಿಲ್ಲ.

ಇದು ಓದಿದ ಮೇಲೆ ನಾನು ಫೋನಿನಲ್ಲಿ ಮಾತಾಡುವ ರೀತಿಯೇ ಬದಲಾಯಿತು. ದನಿ ಎಷ್ಟೇ ಮೆತ್ತಗಿದ್ದರೂ ಪದಗಳು ಬಿಡಿಸಿ ಕೇಳಿಸಿದರೆ ಪಕ್ಕದವರ ಓದು ನಿಂತೇ ನಿಲ್ಲುತ್ತದೆ. ಹಾಗಾಗಿ ಗ್ರಂಥಾಲಯದಲ್ಲಿ ಕೂತು “ಮೆಲ್ಲಗೆ ಮಾತಾಡ್ತೀನಿ” ಅಂದರೆ ಸಾಲದು. ಎದ್ದು ಹೊರಗೆ ಹೋಗಿ ಮಾತಾಡಬೇಕು.

## ಫೋನ್ ಕಿವಿಗಿಟ್ಟ ಕೂಡಲೇ ಜನ ಯಾಕೆ ಅಷ್ಟು ಜೋರಾಗಿ ಮಾತಾಡುತ್ತಾರೆ?

ಹಳೆಯ ತಂತಿ ಫೋನಿನಲ್ಲಿ ನಾವಾಡಿದ ಮಾತು ರಿಸೀವರ್‌ನಿಂದ ನಮಗೂ ಸ್ವಲ್ಪ ಕೇಳಿಸುತ್ತಿತ್ತು. ಅದನ್ನು ಬೇಕೆಂದೇ ಹಾಗೆ ಮಾಡಿದ್ದರು. ನಮ್ಮ ದನಿ ನಮಗೆ ಕೇಳಿಸಿದರೆ ಎಷ್ಟು ಜೋರಾಗಿ ಮಾತಾಡುತ್ತಿದ್ದೇವೆ ಅನ್ನುವ ಅಂದಾಜು ಸಿಗುತ್ತದೆ. ಮೊಬೈಲ್‌ಗಳಲ್ಲಿ ಇದು ಕಮ್ಮಿ. ಕಿವಿಗೆ ಬಿಗಿಯಾಗಿ ಕೂರುವ ಇಯರ್‌ಬಡ್ ಹಾಕಿಕೊಂಡರೆ ನಮ್ಮ ದನಿ ಹೊರಗೆ ಎಷ್ಟಿದೆ ಅಂತ ತಿಳಿಯುವುದು ಇನ್ನೂ ಕಷ್ಟ.

ಎರಡನೆಯದು, ಸುತ್ತ ಗದ್ದಲ ಇದ್ದರೆ ಮನುಷ್ಯ ತನಗೆ ಗೊತ್ತಿಲ್ಲದೆ ದನಿ ಏರಿಸುತ್ತಾನೆ. ಫ್ರಾನ್ಸಿನ ವೈದ್ಯ ಎಟಿಯೆನ್ ಲೊಂಬಾರ್ ಇದನ್ನು 1911ರಲ್ಲೇ ಬರೆದರು. ಅವರ ಹೆಸರಿನಿಂದಲೇ ಇದನ್ನು ಲೊಂಬಾರ್ ಪರಿಣಾಮ ಅನ್ನುತ್ತಾರೆ. ಓಡುವ ರೈಲಿನಲ್ಲಿ ಕೂತು ಫೋನ್ ಮಾಡುವವರಿಗೆ ಆಗುವುದು ಇದೇ. ಇಂಜಿನ್ ಸದ್ದು ಅವರ ಕಿವಿಯಲ್ಲಿದೆ, ಆ ಕಡೆಯವರಿಗೂ ಅಷ್ಟೇ ಸದ್ದು ಕೇಳಿಸುತ್ತಿದೆ ಅಂತ ಅನ್ನಿಸುತ್ತದೆ.

ನಿಜ ಏನೆಂದರೆ, ಈಗಿನ ಫೋನುಗಳಲ್ಲಿ ಒಂದಕ್ಕಿಂತ ಹೆಚ್ಚು ಮೈಕ್ ಇರುತ್ತವೆ. ಸುತ್ತಲಿನ ಸದ್ದನ್ನು ತಗ್ಗಿಸಿ ಬಾಯಿಯ ಹತ್ತಿರದ ದನಿಯನ್ನು ಕಳಿಸುವುದೇ ಅವುಗಳ ಕೆಲಸ. ನೆಟ್‌ವರ್ಕ್ ಸರಿಯಿಲ್ಲದೆ ಮಾತು ತುಂಡಾಗುತ್ತಿದ್ದರೆ ಕೂಗಿದರೂ ತುಂಡು ತುಂಡಾಗಿಯೇ ಹೋಗುತ್ತದೆ. ಹಾಗಾದಾಗ “ಆಮೇಲೆ ಮಾಡ್ತೀನಿ” ಅಂತ ಇಟ್ಟುಬಿಡಿ, ಇಲ್ಲವೇ ಮೆಸೇಜ್ ಕಳಿಸಿ. ಅವರ ಮಾತು ನಿಮಗೆ ಕೇಳಿಸದಿದ್ದರೆ ನಿಮ್ಮ ಫೋನಿನ ವಾಲ್ಯೂಮ್ ಏರಿಸಿ, ಇನ್ನೊಂದು ಕಿವಿಯನ್ನು ಬೆರಳಿನಿಂದ ಮುಚ್ಚಿಕೊಳ್ಳಿ. ಮೈಕ್ ಸಾಮಾನ್ಯವಾಗಿ ಫೋನಿನ ಕೆಳಗಿನ ಅಂಚಿನಲ್ಲಿರುತ್ತದೆ, ಅದನ್ನು ಬಾಯಿಯ ಹತ್ತಿರ ತನ್ನಿ. ಇಷ್ಟು ಮಾಡಿದರೆ ದನಿ ತಾನಾಗಿ ಇಳಿಯುತ್ತದೆ.

## ಹಾಗಾದರೆ ಎಷ್ಟು ಮೆಲ್ಲಗೆ ಮಾತಾಡಬೇಕು?

ಪಕ್ಕದ ಸೀಟಿನವರಿಗೆ ಹೇಳುವಷ್ಟು. ಆಚೆ ಸಾಲಿನಲ್ಲಿ ಕೂತವರು ತಿರುಗಿ ನೋಡಿದರೆ ಜಾಸ್ತಿಯಾಯಿತು ಅಂತಲೇ ಅರ್ಥ.

## ಇಯರ್‌ಫೋನ್ ಮರೆತು ಬಂದಿದ್ದೇನೆ. ಹತ್ತು ನಿಮಿಷ ಸ್ಪೀಕರ್‌ನಲ್ಲಿ ವಿಡಿಯೋ ನೋಡಿದರೆ ತಪ್ಪಾ?

ತಪ್ಪು. ಇದರಲ್ಲಿ ನನಗೆ ಎರಡು ಮನಸ್ಸಿಲ್ಲ. ನೀವು ನೋಡುತ್ತಿರುವುದು ನಿಮಗೆ ಒಂದು ಕಥೆ. ಪಕ್ಕದವರಿಗೆ ಕೇಳಿಸುವುದು ಕಥೆಯಿಲ್ಲದ ಸದ್ದು. ಚಿಕ್ಕ ಚಿಕ್ಕ ವಿಡಿಯೋ ಸರಿಸುತ್ತಾ ಹೋದರಂತೂ ಒಂದು ಹಾಡಿನ ತುಣುಕು, ಒಂದು ಕಿರುಚು, ಒಂದು ಜಾಹೀರಾತು ಹೀಗೆ ಕ್ಷಣಕ್ಷಣಕ್ಕೂ ಬದಲಾಗುತ್ತದೆ. ಫ್ಯಾನಿನ ಸದ್ದಿನಂತೆ ಒಂದೇ ಸಮನೆ ಇದ್ದರೆ ಕಿವಿ ಒಗ್ಗಿಕೊಳ್ಳುತ್ತದೆ. ಬದಲಾಗುತ್ತಲೇ ಇರುವ ಸದ್ದಿಗೆ ಅದು ಪ್ರತಿ ಸಲವೂ ನಿಮಿರುತ್ತದೆ.

ಸದ್ದು ತೆಗೆದು ಸಬ್‌ಟೈಟಲ್ ಹಾಕಿಕೊಳ್ಳಿ. ಆಡಿದ ಮಾತನ್ನು ಪರದೆಯ ಮೇಲೆ ಅಕ್ಷರವಾಗಿ ತೋರಿಸುವ ಲೈವ್ ಕ್ಯಾಪ್ಷನ್ ಸೌಲಭ್ಯ ಹಲವು ಆಂಡ್ರಾಯ್ಡ್ ಫೋನುಗಳಲ್ಲಿದೆ. ಎಲ್ಲ ಭಾಷೆಗೂ ಅದು ಬರುವುದಿಲ್ಲ, ಬರುವ ಕಡೆ ತುಂಬಾ ಉಪಯೋಗ. ವಾಟ್ಸ್‌ಆ್ಯಪ್‌ನಲ್ಲಿ ಬಂದ ವಾಯ್ಸ್ ಮೆಸೇಜನ್ನು ಪ್ಲೇ ಮಾಡಿ ಫೋನನ್ನು ಕಿವಿಗೆ ಹಿಡಿದರೆ ಸದ್ದು ಸ್ಪೀಕರ್‌ನಿಂದ ಕಿವಿಯ ಕಡೆಗೆ ಬದಲಾಗುತ್ತದೆ. ಇದು ಗೊತ್ತಿಲ್ಲದೆ ಮನೆಯವರ ಮಾತನ್ನು ಎಲ್ಲರಿಗೂ ಕೇಳಿಸುವವರು ಎಷ್ಟೋ ಜನ.

ಇಯರ್‌ಫೋನ್ ಇದ್ದರೂ ಒಂದು ಸಲ ಪರೀಕ್ಷೆ ಮಾಡಿ. ನೀವು ಕೇಳುವ ವಾಲ್ಯೂಮ್‌ನಲ್ಲೇ ಹಾಡು ಹಾಕಿ, ಇಯರ್‌ಫೋನ್ ತೆಗೆದು ಒಂದು ಕೈಯಳತೆ ದೂರ ಹಿಡಿಯಿರಿ. ಚೆನ್ನಾಗಿ ಕೇಳಿಸಿದರೆ ಪಕ್ಕದವರಿಗೂ ಕೇಳಿಸುವ ಸಾಧ್ಯತೆ ಇದೆ. ನಿಮ್ಮ ಕಿವಿಗೂ ಅಷ್ಟು ಜೋರು ಒಳ್ಳೆಯದಲ್ಲ.

## ಚಿಕ್ಕ ಮಕ್ಕಳಿಗೆ ಫೋನ್ ಕೊಡದಿದ್ದರೆ ಅಳುತ್ತವೆ. ಅಳುವುದಕ್ಕಿಂತ ಕಾರ್ಟೂನ್ ಸದ್ದೇ ವಾಸಿ ಅಲ್ವಾ?

ದೂರದ ಪ್ರಯಾಣದಲ್ಲಿ ಮಗುವನ್ನು ಸಂಭಾಳಿಸುವುದು ಎಂಥ ಕೆಲಸ ಅಂತ ಮಾಡಿದವರಿಗೇ ಗೊತ್ತು. ಫೋನ್ ಕೊಡಬೇಡಿ ಅಂತ ಹೇಳುವ ಹಕ್ಕು ನನಗಿಲ್ಲ. ಸದ್ದು ತೆಗೆದು ಕೊಡಿ ಅಂತ ಮಾತ್ರ ಕೇಳುತ್ತೇನೆ. ಎರಡು ಮೂರು ವರ್ಷದ ಮಕ್ಕಳು ಚಿತ್ರ ನೋಡಿಕೊಂಡೂ ಖುಷಿಯಾಗಿರುತ್ತವೆ. ಮನೆಯಲ್ಲೂ ಆಗಾಗ ಸದ್ದಿಲ್ಲದೆ ತೋರಿಸಿ ರೂಢಿ ಮಾಡಿದ್ದರೆ ಪ್ರಯಾಣದಲ್ಲಿ ಹಟ ಕಮ್ಮಿ. ದೊಡ್ಡ ಮಕ್ಕಳಿಗೆ ಹೆಡ್‌ಫೋನ್ ಕೊಡಿ, ವಾಲ್ಯೂಮ್ ಮಿತಿ ಹಾಕಿಕೊಡಿ.

ಅಳುವ ಮಗುವನ್ನು ಕಂಡು ಮುಖ ಸಿಂಡರಿಸುವವರಿಗೂ ಒಂದು ಮಾತು. ಆ ತಾಯಿ ಗಾಬರಿಯಿಂದ ಫೋನ್ ಕೈಗೆ ಕೊಡುವುದು ಎಷ್ಟೋ ಸಲ ನಿಮ್ಮ ಮುಖ ನೋಡಿಯೇ.

## ಸೈಲೆಂಟ್‌ಗೆ ಹಾಕಿದ್ದೆ. ಆದರೂ ಸಭೆಯ ನಡುವೆ ಹೊಡೆದುಕೊಂಡಿತು. ಹೇಗೆ?

ಅದು ಅಲಾರಂ ಆಗಿರಬೇಕು. ಬಹಳಷ್ಟು ಫೋನುಗಳಲ್ಲಿ ಸೈಲೆಂಟ್ ಅಂದರೆ ಕರೆ, ಮೆಸೇಜುಗಳ ಸದ್ದು ನಿಲ್ಲುತ್ತದೆ. ಅಲಾರಂ ನಿಲ್ಲುವುದಿಲ್ಲ. ಬೆಳಿಗ್ಗೆ ಏಳಲು ಇಟ್ಟ ಅಲಾರಂ ಸೈಲೆಂಟ್‌ನಲ್ಲಿ ನಿಂತುಹೋದರೆ ಜನ ಕೆಲಸಕ್ಕೆ ತಡವಾಗುತ್ತಾರೆ ಅಂತ ಹಾಗೆ ಮಾಡಿದ್ದಾರೆ. ಫ್ಲೈಟ್ ಮೋಡ್‌ಗೆ ಹಾಕಿದರೂ ಅಲಾರಂ ಬಡಿಯುತ್ತದೆ.

2012ರ ಜನವರಿ 10ರಂದು ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದದ ಕಛೇರಿಯಲ್ಲಿ ಇದೇ ಆಯಿತು. ಮಾಲರ್ ರಚಿಸಿದ ಸಿಂಫನಿಯೊಂದರ ಕೊನೆಯ, ತೀರಾ ಮೆಲುದನಿಯ ಭಾಗ ನಡೆಯುತ್ತಿತ್ತು. ಮುಂದಿನ ಸಾಲಿನಲ್ಲಿ ಒಂದು ಐಫೋನ್ ಬಡಿಯಲು ಶುರುವಾಯಿತು, ನಿಲ್ಲಲೇ ಇಲ್ಲ. ನಿರ್ದೇಶಕ ಅಲನ್ ಗಿಲ್ಬರ್ಟ್ ಕಛೇರಿಯನ್ನೇ ನಿಲ್ಲಿಸಿದರು. ಸಭಿಕರು ಸಿಟ್ಟಿನಿಂದ ಕೂಗಿದರು. ಆ ಫೋನ್ ವರ್ಷಗಳಿಂದ ಅಲ್ಲಿಗೆ ಬರುತ್ತಿದ್ದ ಸಂಗೀತಪ್ರೇಮಿಯೊಬ್ಬರದು. ಹಿಂದಿನ ದಿನವಷ್ಟೇ ಅದು ಅವರ ಕೈಗೆ ಬಂದಿತ್ತು. ಸೈಲೆಂಟ್‌ಗೆ ಹಾಕಿದ್ದರು, ಅದರಲ್ಲಿ ಅಲಾರಂ ಇದೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಕ್ಷಮೆ ಕೇಳಿದರು. ಈ ಪ್ರಸಂಗ ನೆನೆದಾಗಲೆಲ್ಲ ನನಗೆ ಆ ಹಿರಿಯರ ಬಗ್ಗೆ ಸಂಕಟವಾಗುತ್ತದೆ. ಅವರು ಮಾಡಬೇಕಾದ್ದನ್ನು ಮಾಡಿಯೇ ಬಂದಿದ್ದರು.

ಹಾಗಾಗಿ ಸಭೆ, ನಾಟಕ, ಪ್ರಾರ್ಥನೆ, ಸಾವಿನ ಮನೆ ಇಂಥ ಕಡೆ ಒಳಗೆ ಹೋಗುವ ಮೊದಲು ಅಲಾರಂ ಪಟ್ಟಿ ತೆರೆದು ನೋಡಿ. ಆಮೇಲೆ ಫೋನ್ ಆಫ್ ಮಾಡಿ. ಕೈಗಡಿಯಾರ, ಟ್ಯಾಬ್, ಬ್ಯಾಗಿನಲ್ಲಿರುವ ಎರಡನೇ ಫೋನ್ ಮರೆಯಬೇಡಿ. ವೈಬ್ರೇಷನ್ ಕೂಡ ಪೂರ್ತಿ ಮೌನ ಅಲ್ಲ. ಮರದ ಬೆಂಚಿನ ಮೇಲಿಟ್ಟ ಫೋನ್ ನಡುಗಿದರೆ ಇಡೀ ಸಾಲಿಗೇ ಕೇಳಿಸುತ್ತದೆ.

## ಮನೆಯಲ್ಲಿ ಹುಷಾರಿಲ್ಲದವರು ಇದ್ದಾರೆ. ಫೋನ್ ಆಫ್ ಮಾಡೋಕೆ ಭಯ. ಏನು ಮಾಡಲಿ?

ಆಫ್ ಮಾಡಬೇಡಿ. ನಿಮ್ಮಂಥವರಿಗಾಗಿಯೇ ಡೂ ನಾಟ್ ಡಿಸ್ಟರ್ಬ್ ಸೌಲಭ್ಯದಲ್ಲಿ ವಿನಾಯಿತಿ ಕೊಡುವ ದಾರಿ ಇದೆ. ಮನೆಯ ಒಂದೆರಡು ನಂಬರುಗಳನ್ನು ಮಾತ್ರ ಒಳಗೆ ಬಿಟ್ಟು ಉಳಿದದ್ದನ್ನೆಲ್ಲ ತಡೆಯಬಹುದು. ಒಬ್ಬರೇ ಮತ್ತೆ ಕರೆ ಮಾಡಿದರೆ ಬಿಡು ಅನ್ನುವ ಸೆಟ್ಟಿಂಗ್ ಕೂಡ ಇದೆ. ಐಫೋನಿನಲ್ಲಿ 3 ನಿಮಿಷದೊಳಗೆ ಎರಡನೇ ಸಲ ಬಂದ ಕರೆಯನ್ನು ಅದು ಬಿಡುತ್ತದೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ ಬಂದರೆ. ಮನೆಯವರಿಗೆ ಮೊದಲೇ ಹೇಳಿಡಿ: “ತುರ್ತು ಇದ್ದರೆ ಕೂಡಲೇ ಎರಡನೇ ಸಲ ಮಾಡಿ.”

ಈ ಕರೆಗೆ ಸದ್ದು ಬೇಡ, ವೈಬ್ರೇಷನ್ ಇರಲಿ. ಫೋನ್ ಜೇಬಿನಲ್ಲಿ ಮೈಗೆ ತಾಗಿಕೊಂಡಿರಲಿ. ಬಾಗಿಲ ಹತ್ತಿರದ ಕುರ್ಚಿ ಹಿಡಿಯಿರಿ, ಎದ್ದು ಹೋಗುವಾಗ ಯಾರ ಕಾಲನ್ನೂ ದಾಟಬೇಕಾಗುವುದಿಲ್ಲ. ಸಭೆ ಚಿಕ್ಕದಾಗಿದ್ದರೆ ಶುರುವಿನಲ್ಲೇ “ಆಸ್ಪತ್ರೆಯಿಂದ ಕರೆ ಬರಬಹುದು, ಬಂದರೆ ಎದ್ದು ಹೋಗ್ತೀನಿ” ಅಂತ ಹೇಳಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

## ನೋಟಿಫಿಕೇಷನ್ ಬಂದರೂ ನಾನು ತೆರೆದು ನೋಡಲ್ಲ. ಅದರಿಂದ ಏನು ನಷ್ಟ?

ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ನೋಡಿತು. ಗಮನವಿಟ್ಟು ಮಾಡುವ ಕೆಲಸದ ನಡುವೆ ಕೆಲವರ ಫೋನಿಗೆ ಕರೆ ಅಥವಾ ಮೆಸೇಜ್ ಬರುವ ಹಾಗೆ ಮಾಡಿದರು. ಅವರು ಫೋನ್ ಮುಟ್ಟದಿದ್ದರೂ ತಪ್ಪುಗಳು ಹೆಚ್ಚಾದವು. ಯಾರಿರಬಹುದು, ಏನಿರಬಹುದು ಅಂತ ಮನಸ್ಸು ಆ ಕಡೆ ಹರಿದೇ ಹರಿಯುತ್ತದೆ.

ಫೋನ್ ಸುಮ್ನೆ ಮೇಜಿನ ಮೇಲಿದ್ದರೂ ಬುದ್ಧಿಯ ಒಂದು ಪಾಲು ಅದಕ್ಕೆ ಹೋಗುತ್ತದೆ ಅಂತ 2017ರಲ್ಲಿ ಟೆಕ್ಸಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಜೊತೆಗಾರರು ಬರೆದರು. ಆಮೇಲೆ ಬೇರೆಯವರು ಅದನ್ನೇ ಮತ್ತೆ ಮಾಡಿ ನೋಡಿದಾಗ ಎಲ್ಲರಿಗೂ ಅದೇ ಫಲ ಸಿಗಲಿಲ್ಲ. ಹಾಗಾಗಿ ಅದನ್ನು ನಾನು ಕಲ್ಲಿನಲ್ಲಿ ಕೆತ್ತಿದ ಮಾತು ಅನ್ನುವುದಿಲ್ಲ. ನೋಟಿಫಿಕೇಷನ್ ವಿಷಯವಂತೂ ನಿಮ್ಮ ಅನುಭವಕ್ಕೂ ಬಂದಿರುತ್ತದೆ. ನಿಮ್ಮ ಫೋನ್ ಟಿಂಗ್ ಅಂದರೆ ಪಕ್ಕದವರೂ ತಮ್ಮ ಜೇಬು ಮುಟ್ಟಿ ನೋಡಿಕೊಳ್ಳುತ್ತಾರೆ, ಗಮನಿಸಿದ್ದೀರಾ?

## ಊಟಕ್ಕೆ ಕೂತಾಗ ಫೋನನ್ನು ಮೇಜಿನ ಮೇಲೆ ಮಗುಚಿ ಇಟ್ಟರೆ ಸಾಕಲ್ವಾ?

ಕಣ್ಣಿಗೆ ಕಾಣದ ಹಾಗೆ ಬ್ಯಾಗಿನಲ್ಲಿಡುವುದು ಇನ್ನೂ ಒಳ್ಳೆಯದು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಸಂಶೋಧಕರು ಮುನ್ನೂರಕ್ಕೂ ಹೆಚ್ಚು ಜನರನ್ನು ಸ್ನೇಹಿತರು, ಮನೆಯವರ ಜೊತೆ ಊಟಕ್ಕೆ ಕೂರಿಸಿದರು. ಕೆಲವರ ಫೋನ್ ಮೇಜಿನ ಮೇಲಿತ್ತು, ಕೆಲವರದು ತೆಗೆದಿಡಲಾಗಿತ್ತು. 2018ರಲ್ಲಿ ಬಂದ ಅವರ ವರದಿಯ ಪ್ರಕಾರ ಫೋನ್ ಮೇಜಿನ ಮೇಲಿದ್ದವರ ಗಮನ ಹೆಚ್ಚು ಚದುರಿತು, ಊಟದ ಖುಷಿ ಸ್ವಲ್ಪ ಕಮ್ಮಿಯಾಯಿತು. ಭಾರೀ ವ್ಯತ್ಯಾಸ ಏನಲ್ಲ. ಆದರೆ ಎದುರಿಗಿರುವವರು ವರ್ಷಕ್ಕೊಮ್ಮೆ ಸಿಗುವ ಗೆಳೆಯರಾಗಿದ್ದರೆ ಆ ಸ್ವಲ್ಪವನ್ನೂ ಕಳೆದುಕೊಳ್ಳಲು ನನಗೆ ಇಷ್ಟ ಇಲ್ಲ.

ಎದುರಿಗಿದ್ದವರನ್ನು ಬಿಟ್ಟು ಫೋನ್ ನೋಡುವುದಕ್ಕೆ ಇಂಗ್ಲಿಷಿನಲ್ಲಿ ‘ಫಬ್ಬಿಂಗ್’ ಅನ್ನುವ ಪದ 2012ರಲ್ಲಿ ಆಸ್ಟ್ರೇಲಿಯಾದಲ್ಲಿ ಹುಟ್ಟಿತು. ಒಂದು ನಿಘಂಟಿನ ಪ್ರಚಾರಕ್ಕಾಗಿ ಬೇಕೆಂದೇ ಕಟ್ಟಿದ ಪದ ಅದು, ಜನರ ಬಾಯಲ್ಲಿ ಉಳಿದುಬಿಟ್ಟಿತು. ಮಾತಾಡುತ್ತಿರುವಾಗ ಕೇಳುವವರ ಕಣ್ಣು ಕೆಳಗೆ ಜಾರಿದರೆ ಆಗುವ ಬೇಸರಕ್ಕೆ ಒಂದು ಹೆಸರು ಬೇಕಾಗಿತ್ತು ಅಂತ ಕಾಣುತ್ತದೆ.

ನೋಡಲೇಬೇಕಾದರೆ ಹೇಳಿ ನೋಡಿ. “ಅಮ್ಮನ ಮೆಸೇಜ್, ಒಂದು ನಿಮಿಷ” ಅಂದರೆ ಎದುರಿನವರು ಖಂಡಿತ ಕಾಯುತ್ತಾರೆ.

## ಕೌಂಟರ್ ಹತ್ತಿರ ಬಂದಾಗ ಕರೆ ಮುಗಿದಿಲ್ಲ. ಮಾತಾಡುತ್ತಲೇ ಹಣ ಕೊಡಬಹುದಾ?

ಬೇಡ. ಹಿಂದಿನವರನ್ನು ಮುಂದೆ ಬಿಟ್ಟು ಕರೆ ಮುಗಿಸಿ ಬನ್ನಿ. ಕೌಂಟರ್ ಆಚೆ ಕೂತವರು ಬೆಳಗಿನಿಂದ ನೂರಾರು ಜನರನ್ನು ನೋಡಿರುತ್ತಾರೆ. ಕಣ್ಣೆತ್ತಿಯೂ ನೋಡದೆ ಕೈ ಮಾತ್ರ ಚಾಚಿದರೆ ಅವರನ್ನು ಯಂತ್ರದ ಹಾಗೆ ಕಂಡಂತಾಗುತ್ತದೆ.

## ನಡೆಯುತ್ತಾ ಫೋನ್ ನೋಡಿದರೆ ಬೀಳುವುದು ನಾನು. ಬೇರೆಯವರಿಗೇನು ತೊಂದರೆ?

ಕಣ್ಣು ತೆರೆದಿದ್ದರೂ ಮನಸ್ಸು ಬೇರೆ ಕಡೆ ಇದ್ದರೆ ಕಂಡದ್ದು ಕಾಣುವುದಿಲ್ಲ. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ಐರಾ ಹೈಮನ್ ಮತ್ತು ಜೊತೆಗಾರರು ಸರ್ಕಸ್ ಜೋಕರ್ ವೇಷದ ಒಬ್ಬನನ್ನು ಒಂಟಿ ಚಕ್ರದ ಸೈಕಲ್ ಮೇಲೆ ಓಡಾಡಿಸಿದರು. ಆಮೇಲೆ ಅದೇ ದಾರಿಯಲ್ಲಿ ಹೋದವರನ್ನು ನಿಲ್ಲಿಸಿ ಅವನನ್ನು ನೋಡಿದಿರಾ ಅಂತ ಕೇಳಿದರು. ಜೊತೆಯಲ್ಲಿ ಮಾತಾಡುತ್ತಾ ಹೋದ ಜೋಡಿಗಳಲ್ಲಿ ಹತ್ತರಲ್ಲಿ ಏಳು ಮಂದಿ ನೋಡಿದ್ದರು. ಫೋನಿನಲ್ಲಿ ಮಾತಾಡುತ್ತಾ ಹೋದವರಲ್ಲಿ ನಾಲ್ವರಲ್ಲಿ ಒಬ್ಬರು ಮಾತ್ರ. ಇವರು ಪರದೆ ನೋಡುತ್ತಿರಲಿಲ್ಲ, ಬರೀ ಮಾತಾಡುತ್ತಿದ್ದರು, ನೆನಪಿರಲಿ.

ಈಗ ಆ ಜೋಕರ್ ಜಾಗದಲ್ಲಿ ಕೋಲು ಹಿಡಿದು ನಡೆಯುವ ಕಣ್ಣು ಕಾಣದ ಒಬ್ಬರನ್ನು ಇಟ್ಟು ನೋಡಿ. ಎದುರಿನಿಂದ ಬರುವವರಿಗೆ ಕಣ್ಣಿದೆ, ಅವರು ಪಕ್ಕಕ್ಕೆ ಸರಿಯುತ್ತಾರೆ ಅನ್ನುವ ನಂಬಿಕೆಯ ಮೇಲೆಯೇ ಅವರು ಹೆಜ್ಜೆ ಇಡುವುದು. ಊರುಗೋಲಿನವರು, ಹೊಟ್ಟೆಯಲ್ಲಿ ಮಗು ಇರುವವರು, ತಳ್ಳುವ ಕುರ್ಚಿಯಲ್ಲಿರುವವರು ಕೂಡ ಹಾಗೇ. ತಟ್ಟನೆ ಪಕ್ಕಕ್ಕೆ ಜಿಗಿಯಲು ಇವರಿಗೆ ಆಗುವುದಿಲ್ಲ. ಹಾಗಾಗಿ ಅಪಾಯ ನಿಮ್ಮೊಬ್ಬರದಲ್ಲ.

ಹವಾಯಿಯ ಹೊನೊಲುಲು ನಗರದಲ್ಲಿ ರಸ್ತೆ ದಾಟುವಾಗ ಫೋನ್ ಪರದೆ ನೋಡಿದರೆ ದಂಡ ಹಾಕುವ ಕಾನೂನು 2017ರಲ್ಲಿ ಜಾರಿಗೆ ಬಂತು. ಕಾನೂನು ಇಲ್ಲದ ಕಡೆಯೂ ಒಂದು ರೂಢಿ ಮಾಡಿಕೊಳ್ಳಬಹುದು: ನೋಡಬೇಕು ಅನ್ನಿಸಿದರೆ ಗೋಡೆ ಪಕ್ಕಕ್ಕೆ ಸರಿದು, ನಿಂತು ನೋಡುವುದು. ಮೆಟ್ಟಿಲ ಮೇಲೆ, ಎಸ್ಕಲೇಟರ್ ಮುಗಿಯುವ ಜಾಗದಲ್ಲಿ, ಬಾಗಿಲ ಎದುರು ನಿಲ್ಲಬೇಡಿ. ಹಿಂದೆ ಜನ ಬರುತ್ತಿರುತ್ತಾರೆ.

## ಕತ್ತಲ ಸಭಾಂಗಣದಲ್ಲಿ ಬ್ರೈಟ್‌ನೆಸ್ ಕಮ್ಮಿ ಮಾಡಿ ಒಂದು ಮೆಸೇಜ್ ನೋಡಿದರೆ ಯಾರಿಗೆ ಗೊತ್ತಾಗುತ್ತೆ?

ಹಿಂದೆ ಕೂತ ಎಲ್ಲರಿಗೂ ಗೊತ್ತಾಗುತ್ತದೆ. ಕಣ್ಣು ಕತ್ತಲಿಗೆ ಪೂರ್ತಿ ಹೊಂದಿಕೊಳ್ಳಲು 20ರಿಂದ 30 ನಿಮಿಷ ಬೇಕು. ಹೊಂದಿಕೊಂಡ ಕಣ್ಣಿಗೆ ಚಿಕ್ಕ ಬೆಳಕೂ ದೊಡ್ಡದೇ. ನಿಮ್ಮ ಪರದೆ ನಿಮಗೆ ಮಂಕಾಗಿ ಕಂಡರೂ ಹಿಂದಿನವರ ಕಣ್ಣು ರಂಗದಿಂದ ಅಲ್ಲಿಗೆ ಹಾರುತ್ತದೆ. ರಂಗದ ಮೇಲಿನ ಕಲಾವಿದರಿಗೂ ಕೆಳಗಿನಿಂದ ಬೆಳಗಿದ ಮುಖಗಳು ಕಾಣುತ್ತವೆ.

ಕೈ ಎತ್ತಿ ವಿಡಿಯೋ ಮಾಡುವುದು ಇನ್ನೊಂದು. ಹಿಂದಿನವರು ಕಾರ್ಯಕ್ರಮವನ್ನು ನಿಮ್ಮ ಫೋನಿನ ಪರದೆಯಲ್ಲೇ ನೋಡಬೇಕಾಗುತ್ತದೆ. ಕೆಲವು ಕಲಾವಿದರು ಬೇಸತ್ತು ಫೋನನ್ನು ಬೀಗ ಬೀಳುವ ಚೀಲದಲ್ಲಿ ಹಾಕಿಸಿಯೇ ಒಳಗೆ ಬಿಡುತ್ತಾರೆ. ಚೀಲ ನಮ್ಮ ಕೈಯಲ್ಲೇ ಇರುತ್ತದೆ, ಹೊರಗೆ ಬಂದ ಮೇಲೆ ಬೀಗ ತೆಗೆಸಿಕೊಳ್ಳಬೇಕು. ಅನುಮತಿ ಇರುವ ಕಡೆ ನೆನಪಿಗೆ ಒಂದು ಫೋಟೋ, ಫ್ಲ್ಯಾಶ್ ಇಲ್ಲದೆ, ಎದೆಯ ಮಟ್ಟದಲ್ಲಿ ಹಿಡಿದು ತೆಗೆದರೆ ಸಾಕು.

## ಆಸ್ಪತ್ರೆಯಲ್ಲಿ ಫೋನ್ ಬಳಸಬಹುದಾ?

ಬೋರ್ಡ್ ನೋಡಿ, ಸಿಬ್ಬಂದಿ ಹೇಳಿದ್ದನ್ನು ಕೇಳಿ. ಮೊದಲು ಪೂರ್ತಿ ನಿಷೇಧ ಹಾಕಿದ್ದ ಎಷ್ಟೋ ಆಸ್ಪತ್ರೆಗಳು ಈಗ ಸಡಿಲ ಮಾಡಿವೆ. ಐಸಿಯು ತರಹದ ಕಡೆ ನಿಯಮ ಬಿಗಿಯಾಗಿಯೇ ಇರುತ್ತದೆ. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಫೋನನ್ನು ಅದರಿಂದ ಕನಿಷ್ಠ 15 ಸೆಂಟಿಮೀಟರ್ ದೂರ ಇಡಬೇಕು ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಹೇಳುತ್ತದೆ. ಅಂಗಿಯ ಮೇಲುಜೇಬಿನಲ್ಲಿ ಇಟ್ಟುಕೊಳ್ಳಬಾರದು.

ಇದೆಲ್ಲ ಯಂತ್ರದ ಮಾತಾಯಿತು. ಒಂದು ರಾತ್ರಿ ನಾನು ಆಸ್ಪತ್ರೆಯೊಂದರ ಹೊರಕೋಣೆಯಲ್ಲಿ ಕಾಯುತ್ತಾ ಕೂತಿದ್ದೆ. ಎದುರಿನ ಬೆಂಚಿನಲ್ಲಿದ್ದ ಹೆಂಗಸಿಗೆ ಡಾಕ್ಟರ್ ಬಂದು ಮೆಲ್ಲಗೆ ಏನೋ ಹೇಳಿದರು. ಆಕೆ ಕುಸಿದು ಕೂತರು. ಅವರಿಂದ ಎರಡು ಕುರ್ಚಿ ಆಚೆ ಒಬ್ಬ ಹುಡುಗ ಹಾಸ್ಯದ ವಿಡಿಯೋ ನೋಡುತ್ತಿದ್ದ. ಫೋನಿನಿಂದ ಗೊಳ್ಳೆಂದು ನಗುವ ಸದ್ದು ಬರುತ್ತಲೇ ಇತ್ತು. ಅವನು ತಲೆಯೆತ್ತಿರಲಿಲ್ಲ, ಏನಾಯಿತು ಅಂತ ಅವನಿಗೆ ಗೊತ್ತೇ ಇರಲಿಲ್ಲ. ನಾನು ಎದ್ದು ಹೋಗಿ ಭುಜ ಮುಟ್ಟಿದೆ. ಆಕೆಯನ್ನು ನೋಡಿದವನೇ ಫೋನ್ ಆಫ್ ಮಾಡಿ, ಹೋಗಿ ಒಂದು ಲೋಟ ನೀರು ತಂದುಕೊಟ್ಟ. ಆ ಹುಡುಗನನ್ನು ನಾನು ಮರೆತಿಲ್ಲ. ಮುನ್ನುಡಿಯಲ್ಲಿ ‘ಕೆಟ್ಟವರಲ್ಲ’ ಅಂತ ಬರೆದಾಗ ನನ್ನ ಕಣ್ಣ ಮುಂದೆ ಇದ್ದದ್ದು ಅವನೇ.

## ಬಸ್ಸಿನಲ್ಲಿ ವಿಡಿಯೋ ಕಾಲ್ ಮಾಡಬಹುದಾ? ಸುತ್ತಲಿನವರ ಫೋಟೋ?

ವಿಡಿಯೋ ಕಾಲ್‌ನಲ್ಲಿ ನಿಮ್ಮ ಹಿಂದೆ ಕೂತವರೂ ನಿಮ್ಮ ನೆಂಟರ ಮನೆಗೆ ಹೋಗುತ್ತಾರೆ, ಅವರನ್ನು ಯಾರೂ ಕೇಳಿರುವುದಿಲ್ಲ. ಗೋಡೆ ಅಥವಾ ಕಿಟಕಿ ಹಿಂದೆ ಬರುವ ಹಾಗೆ ಕೂತು, ಇಯರ್‌ಫೋನ್ ಹಾಕಿ, ಬೇಗ ಮುಗಿಸಿ. ಅಪರಿಚಿತರ ಮುಖ, ಅದರಲ್ಲೂ ಮಕ್ಕಳ ಮುಖ, ಕೇಳದೆ ತೆಗೆದು ಹಂಚಬೇಡಿ.

ಅಪಘಾತ ಆದಾಗ ಮೊದಲು ಫೋನ್ ಎತ್ತಿ ವಿಡಿಯೋ ಮಾಡುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಿದ್ದವರಿಗೆ ಆ ಹೊತ್ತಿಗೆ ಬೇಕಾಗಿರುವುದು ಆಂಬುಲೆನ್ಸ್. ಅದೇ ಫೋನಿನಿಂದ ಅದನ್ನು ಕರೆಯಬಹುದು.

## ನನ್ನ ಮಾತು ಯಾರು ಕೇಳಿಸಿಕೊಂಡರೆ ಏನು? ಗುಟ್ಟೇನೂ ಇಲ್ಲ.

ಒಮ್ಮೆ ನೆನಪು ಮಾಡಿಕೊಳ್ಳಿ. ಕಾರ್ಡ್ ನಂಬರ್, ಹುಟ್ಟಿದ ದಿನ, ಒಟಿಪಿ, “ಈ ವಾರ ಮನೆಯಲ್ಲಿ ಯಾರೂ ಇರಲ್ಲ” ಅನ್ನುವ ಮಾತು. ಇವನ್ನೆಲ್ಲ ಜನ ತುಂಬಿದ ಜಾಗದಲ್ಲಿ ಗಟ್ಟಿಯಾಗಿ ಹೇಳಿದವರ ಪಕ್ಕದಲ್ಲಿ ನಾನೇ ಕೂತಿದ್ದೇನೆ. ಇನ್ನು ಕೆಲವು ಗುಟ್ಟು ನಮ್ಮದಲ್ಲ, ಬೇರೆಯವರದು. ತಂಗಿಯ ಸಂಸಾರದ ಜಗಳ, ಗೆಳೆಯನ ಕಾಯಿಲೆ, ಸಹೋದ್ಯೋಗಿಯ ಸಾಲ. ನಂಬಿ ಹೇಳಿಕೊಂಡವರ ಹೆಸರನ್ನು ಹತ್ತು ಜನರ ಮುಂದೆ ಎತ್ತಬೇಡಿ. ಮಾತು ಆಡಿದರೆ ಹೋಯಿತು ಅಂತಾರಲ್ಲ, ಅದೇ.

## ಪಕ್ಕದವರ ಫೋನ್ ಪರದೆ ಕಣ್ಣಿಗೆ ಬಿದ್ದರೆ?

ಬಿದ್ದ ಕಣ್ಣನ್ನು ಎತ್ತಿಬಿಡಿ. ಅದು ಅವರ ಕಾಗದ ಓದಿದ ಹಾಗೆ.

## ಜೋರಾಗಿ ಮಾತಾಡುವವರಿಗೆ ಜಗಳ ಆಗದ ಹಾಗೆ ಹೇಗೆ ಹೇಳುವುದು?

ಮೊದಲು ಒಂದೆರಡು ನಿಮಿಷ ಕಾಯಿರಿ. ಹೆಚ್ಚಿನ ಕರೆಗಳು ಅಷ್ಟರಲ್ಲಿ ಮುಗಿಯುತ್ತವೆ. ಮಾತಿನ ಧಾಟಿ ಗಮನಿಸಿ. ದುಃಖದ ಸುದ್ದಿ, ಗಾಬರಿಯ ಸುದ್ದಿ ಆಗಿದ್ದರೆ ಬಿಟ್ಟುಬಿಡಿ.

ಹೇಳಲೇಬೇಕಾದರೆ ಕೆಲಸವನ್ನಷ್ಟೇ ಕೇಳಿ, ಸ್ವಭಾವದ ಬಗ್ಗೆ ಮಾತು ಬೇಡ. “ಸರ್, ಸ್ವಲ್ಪ ವಾಲ್ಯೂಮ್ ಕಮ್ಮಿ ಮಾಡ್ತೀರಾ? ತಲೆನೋವು ಇದೆ” ಅಂದರೆ ಹತ್ತರಲ್ಲಿ ಒಂಬತ್ತು ಜನ ಕೂಡಲೇ ಮಾಡುತ್ತಾರೆ, ಇದು ನನ್ನ ಅನುಭವ. ತಲೆನೋವು ಇಲ್ಲದಿದ್ದರೆ ಸುಳ್ಳು ಹೇಳಬೇಡಿ, “ಓದೋಕೆ ಆಗ್ತಿಲ್ಲ” ಅಂದರೂ ಸಾಕು. “ನಿಮಗೆ ಬುದ್ಧಿ ಇಲ್ವಾ” ಅಂತ ಶುರು ಮಾಡಿದರೆ ಅವರಿಗೆ ಫೋನಿಗಿಂತ ಮಾನವೇ ದೊಡ್ಡದಾಗುತ್ತದೆ. ಎಲ್ಲರಿಗೂ ಕೇಳುವ ಹಾಗೆ ದೂರದಿಂದ ಹೇಳಬೇಡಿ. ಹತ್ತಿರ ಹೋಗಿ, ಅವರಿಗೆ ಮಾತ್ರ ಕೇಳುವ ಹಾಗೆ, ಮುಖದಲ್ಲಿ ನಗು ಇಟ್ಟುಕೊಂಡು ಹೇಳಿ. ವಯಸ್ಸಿಗೆ ತಕ್ಕ ಹಾಗೆ ಅಣ್ಣ, ಅಮ್ಮ, ಮೇಡಂ ಅಂತ ಒಂದು ಕರೆ ಮೊದಲು ಬರಲಿ. ಮಾಡಿದ ಮೇಲೆ ಥ್ಯಾಂಕ್ಸ್ ಹೇಳುವುದು ಮರೆಯಬೇಡಿ.

ಅವರು ಕೇಳಲಿಲ್ಲವೋ? ಕಂಡಕ್ಟರ್, ಗ್ರಂಥಪಾಲಕರು, ಕಾವಲಿನವರು ಯಾರಾದರೂ ಇದ್ದರೆ ಅವರಿಗೆ ಹೇಳಿ. ಇಲ್ಲದಿದ್ದರೆ ಜಾಗ ಬದಲಿಸಿ. ಕುಡಿದವರು, ಮೈಮೇಲೆ ಬರುವವರ ಜೊತೆ ಮಾತೇ ಬೇಡ. ಅವರ ವಿಡಿಯೋ ಮಾಡಿ ಊರಿಗೆಲ್ಲ ಹಂಚುವುದಂತೂ ಬೇಡವೇ ಬೇಡ.

## ವಯಸ್ಸಾದವರು ಸ್ಪೀಕರ್ ಹಾಕಿ ಕೂಗಿ ಮಾತಾಡುತ್ತಾರೆ. ಅವರಿಗೆ ಹೇಳೋದು ಹೇಗೆ?

ವಯಸ್ಸಾದಂತೆ ಕಿವಿ ಮಂದವಾಗುತ್ತದೆ. ಮೊದಲು ಹೋಗುವುದು ಎತ್ತರದ ದನಿಗಳು, ಹಾಗಾಗಿ ಸದ್ದು ಕೇಳಿಸಿದರೂ ಮಾತು ಬಿಡಿಸಿ ತಿಳಿಯುವುದಿಲ್ಲ. ಸ್ಪೀಕರ್ ಹಾಕುವುದು ಅವರಿಗೆ ಚಟ ಅಲ್ಲ, ಅಗತ್ಯ. ಮನೆಯಲ್ಲಿ ಇಂಥವರಿದ್ದರೆ ಕೂತು ಸಹಾಯ ಮಾಡಿ. ಕರೆಯ ವಾಲ್ಯೂಮ್ ಪೂರ್ತಿ ಏರಿಸಿ ಕೊಡಿ, ಎರಡೂ ಕಿವಿಗೆ ಹಾಕುವ ಇಯರ್‌ಫೋನ್ ಅಭ್ಯಾಸ ಮಾಡಿಸಿ. ಈಗಿನ ಹಲವು ಶ್ರವಣ ಯಂತ್ರಗಳು ಬ್ಲೂಟೂತ್ ಮೂಲಕ ಫೋನಿಗೆ ಜೋಡಿಸಲು ಬರುತ್ತವೆ. ಪಕ್ಕದಲ್ಲಿ ಅಪರಿಚಿತ ಅಜ್ಜ ಕೂತು ಮೊಮ್ಮಗಳ ಜೊತೆ ಕೂಗಿ ಮಾತಾಡುತ್ತಿದ್ದರೆ ನಾನು ಏನೂ ಹೇಳುವುದಿಲ್ಲ.

## ಮೊಬೈಲ್ ಬಂದು ಇಷ್ಟು ವರ್ಷ ಆದರೂ ಇದೆಲ್ಲ ಯಾಕೆ ರೂಢಿಯಾಗಿಲ್ಲ?

ಕೈಯಲ್ಲಿ ಹಿಡಿಯುವ ಮೊಬೈಲ್‌ನಿಂದ ಮೊದಲ ಕರೆ ಹೋಗಿದ್ದು 1973ರ ಏಪ್ರಿಲ್ 3ರಂದು. ಮೊಟೊರೋಲಾದ ಮಾರ್ಟಿನ್ ಕೂಪರ್ ನ್ಯೂಯಾರ್ಕಿನ ಬೀದಿಯಲ್ಲಿ ನಿಂತು ಮಾತಾಡಿದರು. ಆ ಫೋನ್ ಒಂದು ಕಿಲೋಗಿಂತ ಜಾಸ್ತಿ ತೂಗುತ್ತಿತ್ತು. ಮೊದಲ ಎಸ್ಎಂಎಸ್ 1992ರಲ್ಲಿ, ಐಫೋನ್ 2007ರಲ್ಲಿ. ಕರೆಗೆ ಒಂದು ರೀತಿ ಕಲಿಯುವಷ್ಟರಲ್ಲಿ ಮೆಸೇಜ್ ಬಂತು, ಅದಕ್ಕೆ ಹೊಂದಿಕೊಳ್ಳುವಷ್ಟರಲ್ಲಿ ವಿಡಿಯೋ ಬಂತು. ವಸ್ತು ಬದಲಾಗುತ್ತಲೇ ಇದ್ದರೆ ರೂಢಿ ಗಟ್ಟಿಯಾಗಲು ಸಮಯ ಎಲ್ಲಿ?

ಆಗಲಾರದ್ದೇನೂ ಅಲ್ಲ. ಜಪಾನಿನಲ್ಲಿ ಸೈಲೆಂಟ್ ಮಾಡುವುದನ್ನು ‘ಮ್ಯಾನರ್ ಮೋಡ್’ ಅನ್ನುತ್ತಾರೆ. ರೈಲಿನಲ್ಲಿ ಫೋನನ್ನು ಅದಕ್ಕೆ ಹಾಕಿ, ಕರೆ ಮಾಡಬೇಡಿ ಅಂತ ಘೋಷಣೆ ಕೇಳಿಸುತ್ತದೆ, ಹೆಚ್ಚಿನವರು ಪಾಲಿಸುತ್ತಾರೆ. ಹಲವು ದೇಶಗಳ ರೈಲುಗಳಲ್ಲಿ ಕರೆ ಮಾಡದವರಿಗಾಗಿ ಮೌನದ ಬೋಗಿಯೇ ಬೇರೆ ಇದೆ.

## ಎಲ್ಲ ಗೊತ್ತು. ಆದರೂ ಕೈ ತಾನಾಗಿ ಜೇಬಿಗೆ ಹೋಗುತ್ತೆ. ಏನು ಮಾಡಲಿ?

ಜೇಬಿನಲ್ಲಿ ಇಡಬೇಡಿ. ಬ್ಯಾಗಿನ ತಳದಲ್ಲಿಟ್ಟು ಜಿಪ್ ಎಳೆಯಿರಿ. ಮನುಷ್ಯರು ನಿಮಗಾಗಿ ಕಳಿಸಿದ್ದನ್ನು ಬಿಟ್ಟು ಉಳಿದ ನೋಟಿಫಿಕೇಷನ್‌ಗಳನ್ನೆಲ್ಲ ತೆಗೆದುಹಾಕಿ, ಅಂಗಡಿ, ಆಟ, ಸುದ್ದಿ ಎಲ್ಲವನ್ನೂ. ಮೊದಲ ಐದು ನಿಮಿಷ ಚಡಪಡಿಕೆ ಆಗುತ್ತದೆ, ನನಗೂ ಆಗುತ್ತದೆ. ಆಮೇಲೆ ಇಳಿಯುತ್ತದೆ.

ಮೊನ್ನೆ ಟೋಕನ್ ಹಿಡಿದು ಕಾಯುವಾಗ ಹಾಗೇ ಬ್ಯಾಗಿನಲ್ಲಿಟ್ಟು ಕೂತಿದ್ದೆ. ಪಕ್ಕದ ಅಜ್ಜಿ ಆಗಾಗ ಗೋಡೆಯ ಮೇಲಿನ ಪರದೆ ನೋಡಿ, ಕೈಯಲ್ಲಿದ್ದ ಚೀಟಿ ನೋಡಿ, ಸುತ್ತ ನೋಡುತ್ತಿದ್ದರು. ಸುತ್ತ ಎಲ್ಲರೂ ತಲೆ ತಗ್ಗಿಸಿದ್ದರು. ನನ್ನ ಕಣ್ಣು ಸಿಕ್ಕಿದ ಕೂಡಲೇ ಕೇಳಿದರು, “ಮಗಾ, ಅಲ್ಲಿ ಎಷ್ಟು ನಂಬರ್ ಬಂದಿದೆ? ನಂಗೆ ಕಾಣಲ್ಲ.” 41 ಬಂದಿತ್ತು. ಅವರದು 38.